‘ದಾನ’ದಿಂದ ‘ಡೊನೇಟ್’ ಹುಟ್ಟಲಿಲ್ಲ

ನಮಸ್ಕಾರ. ‘ಗಿವ್’ ಎಂಬ ಇಂಗ್ಲಿಷ್ ಕ್ರಿಯಾಪದದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ತಿಳಿಯಾಗಿದೆ. ಜರ್ಮನ್‌ನಲ್ಲಿ ‘ಗಿಫ್ಟ್’ ಅಂದರೆ ವಿಷ ಎಂಬಲ್ಲಿಂದ ಶುರು ಮಾಡಿದ್ದೂ ಸರಿ. ಎರಡನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ನನಗೆ ಸಿಟ್ಟು ಬಂತು.

“ನಮ್ಮ ದಾನವೇ ಆಂಗ್ಲರ ಬಾಯಲ್ಲಿ ಡೊನೇಟ್ ಆಯಿತು ಎಂಬುದು ಸರ್ವವಿದಿತ.” ಯಾರಿಗೆ ವಿದಿತ? ‘ಡೊನೇಟ್’ ಅಮೆರಿಕದಲ್ಲಿ ಹುಟ್ಟಿದ ಶಬ್ದ. ‘ಡೊನೇಶನ್’ ಇಂಗ್ಲಿಷಿಗೆ ಬಂದು ಶತಮಾನಗಳಾದ ಮೇಲೆ ಅದರ ಬಾಲ ಕತ್ತರಿಸಿ ಮಾಡಿಕೊಂಡದ್ದು. ‘ಡೊನೇಶನ್’ ಬಂದದ್ದು ಲ್ಯಾಟಿನ್ನಿನಿಂದ. ಅಲ್ಲಿ ‘ಡೋನುಮ್’ ಅಂದರೆ ಕೊಡುಗೆ. ಆ ‘ಡೋನುಮ್’ ಮತ್ತು ಸಂಸ್ಕೃತದ ‘ದಾನ’ ಒಂದೇ ಹಳೆಯ ಬೇರಿನವು, ನಿಜ. ಹಾಗಂತ ಅಕ್ಕನನ್ನು ತಂಗಿಯ ತಾಯಿ ಅನ್ನೋಕಾಗುತ್ತಾ?

ಮುಂದಿನ ಸಾಲು ಇನ್ನೂ ಕೆಟ್ಟದ್ದು. “ಉಚ್ಚಾರಣೆಯ ಹೋಲಿಕೆಯೇ ಸಾಕ್ಷಿ.” ನಾನು ಕರಡು ತಿದ್ದುವ ಕೆಲಸ ಕಲಿಯುವಾಗ ಹಿರಿಯರೊಬ್ಬರು ಇಂಥ ಸಾಲಿನ ಪಕ್ಕ ಕೆಂಪು ಪೆನ್ಸಿಲ್‌ನಲ್ಲಿ ‘ಹಳೇ ರೂಪ ಎಲ್ಲಿ?’ ಅಂತ ಬರೆದು ಹಾಳೆಯನ್ನು ನನ್ನ ಮೇಜಿಗೆ ತಳ್ಳುತ್ತಿದ್ದರು. ಮಾತೇ ಇಲ್ಲ. ನಾನು ನಿಘಂಟು ಹೊತ್ತು ತಂದು ಹುಡುಕಬೇಕಿತ್ತು. ಲ್ಯಾಟಿನ್ನಿನ ‘ಹಬೇರೆ’, ಅಂದರೆ ‘ಇಟ್ಟುಕೊಂಡಿರು’, ಸಿಕ್ಕಿದ್ದು ಹಾಗೆ. ನೋಡಿದರೆ ಇಂಗ್ಲಿಷಿನ ‘ಹ್ಯಾವ್’ ಥರವೇ ಇದೆ, ಅರ್ಥವೂ ಅದೇ, ಅಲ್ವಾ? ಆದರೆ ಎರಡಕ್ಕೂ ಸಂಬಂಧವಿಲ್ಲ. ‘ಹ್ಯಾವ್’ನ ನೆಂಟ ‘ಹಿಡಿ’ ಎಂಬ ಅರ್ಥದ ‘ಕಾಪೆರೆ’. ‘ಹಬೇರೆ’ಯ ನೆಂಟ ಯಾರು ಗೊತ್ತಾ? ನಿಮ್ಮ ‘ಗಿವ್’! ಕೊಡುವುದಕ್ಕೂ ಕೊಳ್ಳುವುದಕ್ಕೂ ಒಂದೇ ಬೇರು. ಇಂಥದ್ದು ಕೈಯಳತೆಯಲ್ಲಿದ್ದರೂ ನೀವು ‘ಸರ್ವವಿದಿತ’ದ ಹಿಂದೆ ಹೋದಿರಿ.

ಇನ್ನೊಂದು ಸಾಲು: “ಹಳೆಯ ಇಂಗ್ಲಿಷಿನ ಗಿಫನ್ ಎಂಬುದೇ ಇಂದಿನ ಗಿವ್, ಹೆಚ್ಚೇನೂ ಬದಲಾಗಿಲ್ಲ.” ಬದಲಾಗಿದೆ. ಬರೆಯುವಾಗ ‘ಜಿ’ ಅಕ್ಷರವಿದ್ದರೂ ಅದನ್ನು ‘ಯ’ಕಾರದಿಂದಲೇ ನುಡಿಯುತ್ತಿದ್ದರು. 1400ರಲ್ಲಿ ತೀರಿಕೊಂಡ ಚಾಸರ್‌ನ ಕಾವ್ಯದಲ್ಲೂ ‘ಯೆವೆ’, ‘ಯಾಫ್’ ಎಂದೇ ಇದೆ. ಅದೇ ದಾರಿಯಲ್ಲಿ ಬಂದಿದ್ದರೆ ಇವತ್ತು ‘ಯಿವ್’ ಅನ್ನಬೇಕಿತ್ತು. ಗಟ್ಟಿ ‘ಗ’ ಬಂದದ್ದು ಸ್ಕ್ಯಾಂಡಿನೇವಿಯಾದಿಂದ ಬಂದು ಇಂಗ್ಲೆಂಡಿನ ಉತ್ತರ ಮತ್ತು ಪೂರ್ವದಲ್ಲಿ ನೆಲೆಸಿದ ವೈಕಿಂಗರಿಂದ, ಅವರ ‘ಗೆಫ’ದಿಂದ. ದಾಳಿ ಮಾಡಲು ಬಂದವರು ಕೊಡುವ ಮಾತನ್ನೇ ಕೊಟ್ಟುಹೋದರು. ಇದನ್ನು ಬಿಟ್ಟು ಲೇಖನ ಯಾಕೆ ಬರೆದಿರಿ ಅಂತಲೇ ನನಗೆ ಅರ್ಥವಾಗಲಿಲ್ಲ.

ಮೊಟ್ಟೆಯ ಪ್ರಸಂಗವನ್ನೂ ಸೇರಿಸಬಹುದಿತ್ತು. 1490ರಲ್ಲಿ ಮುದ್ರಕ ಕ್ಯಾಕ್ಸ್ಟನ್ ಒಂದು ಮುನ್ನುಡಿಯಲ್ಲಿ ಬರೆದದ್ದು. ವ್ಯಾಪಾರಿಯೊಬ್ಬ ‘ಎಗ್ಸ್’ ಕೇಳುತ್ತಾನೆ. ಮನೆಯೊಡತಿ ತನಗೆ ಫ್ರೆಂಚ್ ಬರೋದಿಲ್ಲ ಅನ್ನುತ್ತಾಳೆ. ಅವನಿಗೂ ಫ್ರೆಂಚ್ ಬರೋದಿಲ್ಲ, ರೇಗುತ್ತಾನೆ. ಕೊನೆಗೆ ಮತ್ತೊಬ್ಬ, ಮೊಟ್ಟೆಗೆ ಇಂಗ್ಲಿಷಿನಲ್ಲೇ ಇದ್ದ ಇನ್ನೊಂದು ಹಳೇ ಮಾತು, ‘ಐರೆನ್’ ಅಂದಾಗ ಅವಳಿಗೆ ತಿಳಿಯುತ್ತದೆ. ‘ಎಗ್’ ಕೂಡ ವೈಕಿಂಗರ ಕಡೆಯದೇ, ಅಲ್ಲೂ ಅದೇ ಗಟ್ಟಿ ‘ಗ’.

ಉಳಿದ ಪುಟಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ. ಎರಡನೇ ಪ್ಯಾರಾ ಪೂರ್ತಿ ತೆಗೆದು, ಆ ಜಾಗದಲ್ಲಿ ‘ಯ’ ಹೋಗಿ ‘ಗ’ ಬಂದ ಕತೆ ಬರೆದು ಕಳಿಸಿ. ‘ಸರ್ವವಿದಿತ’ ಮತ್ತೆ ಕಂಡರೆ ಮುಂದೆ ಓದುವುದಿಲ್ಲ.