ಬೆಳಗಿನವರೆಗೆ ಆಟ ನೋಡುವ ಹುಡುಗ

ಜುಲೈ ತಿಂಗಳ ಒಂದು ಸಂಜೆ ಉಡುಪಿಯ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಬಂದ ತಾಯಿ, ನೀರು ಸೋರುತ್ತಿದ್ದ ಛತ್ರಿಯನ್ನು ಮೂಲೆಯಲ್ಲಿಟ್ಟು, ಮಗನಿಗೆ ‘ಸ್ವಲ್ಪ ಧೈರ್ಯ ಬರುವ ಹಾಗೆ’ ಏನಾದರೂ ಮಾಡಿ ಎಂದರು. ಹುಡುಗ ಒಂಬತ್ತನೆಯ ತರಗತಿ. ಸುಮಂತ ಎಂದು ಕರೆಯುತ್ತೇನೆ. ಹೆಸರನ್ನೂ ಮನೆಯ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಇದನ್ನು ಬರೆಯಲು ಅವನೂ ಹೆತ್ತವರೂ ಒಪ್ಪಿದ್ದಾರೆ.

ತರಗತಿ ಶಿಕ್ಷಕರು ಒಂದು ಚೀಟಿ ಕಳುಹಿಸಿದ್ದರು: ‘ಪ್ರತಿಭೆ ಇದೆ, ಬೆರೆಯುವ ಗುಣ ಇಲ್ಲ.’ ಇಂಥ ಚೀಟಿಗಳನ್ನು ಕಂಡರೆ ನನಗೆ ತುಸು ಸಿಟ್ಟು ಬರುತ್ತದೆ. ಐದು ಪದಗಳಲ್ಲಿ ಮಗುವಿನ ಜಾತಕ ಬರೆದು ಮುಗಿಸಿರುತ್ತಾರೆ. ಆದರೆ ಅವರು ಕೊಟ್ಟ ಪಟ್ಟಿಯಲ್ಲಿ ಹುರುಳಿತ್ತು. ಎಂಟನೆಯ ತರಗತಿಯ ಹಂಪಿ ಪ್ರವಾಸಕ್ಕೆ ಹಣ ಕಟ್ಟಿದ್ದ, ಹೊರಡುವ ಹಿಂದಿನ ದಿನ ಜ್ವರವೆಂದು ಉಳಿದುಕೊಂಡ. ಸ್ಕೌಟ್‌ನಲ್ಲಿ ಪ್ರವೇಶ, ಪ್ರಥಮ, ದ್ವಿತೀಯ ಸೋಪಾನಗಳೆಂಬ ಹಂತಗಳನ್ನು ಚಕಚಕನೆ ಮುಗಿಸಿದವನು ಈಗ ತೃತೀಯ ಸೋಪಾನದ, ರಾತ್ರಿ ತಂಗಬೇಕಾದ ಶಿಬಿರದ ಸುದ್ದಿ ಬಂದೊಡನೆ ಸ್ಕೌಟೇ ಬೇಡ ಎನ್ನುತ್ತಿದ್ದಾನೆ. ಶನಿವಾರದ ಯಕ್ಷಗಾನ ತರಗತಿಗೆ ಮಾತ್ರ ಒಂದು ದಿನವೂ ತಪ್ಪಿಸಿಲ್ಲ. ಪ್ರತಿಭಾ ಕಾರಂಜಿಯಲ್ಲಿ ಜಿಲ್ಲಾ ಮಟ್ಟಕ್ಕೂ ಹೋಗಿ ಬಂದಿದ್ದಾನೆ, ಅದೇ ದಿನ ಸಂಜೆ ಮನೆಗೆ.

ತಾಯಿ ಬೇರೆ ಕಾರಣ ಹೇಳಿದರು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಕಡಲಿನಲ್ಲಿ ಮುಳುಗಿ ತೀರಿಕೊಂಡ ಮೇಲೆ ತಮಗೂ ಕಳುಹಿಸಲು ಮನಸ್ಸಿಲ್ಲವಂತೆ. ಕರಾವಳಿಯ ತಾಯಿಗೆ ಆ ಹೆದರಿಕೆ ಸಹಜವೇ. ಆದರೆ ಹಂಪಿಯಲ್ಲಿ ಕಡಲಿಲ್ಲ ಎಂಬುದನ್ನು ನಾನು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ.

ಮೊದಲ ಭೇಟಿಯಲ್ಲಿ ಸುಮಂತ ಶಿಬಿರದ ಮಾತೆತ್ತಿದರೆ ಉಗುರು ನೋಡುತ್ತಿದ್ದ. ಯಕ್ಷಗಾನದ ಆಟದ ಮಾತೆತ್ತಿದಾಗ ಮುಖ ಅರಳಿತು. ಪಕ್ಕದ ಊರಿನಲ್ಲಿ ಮಂದಾರ್ತಿ ಮೇಳದ ಹರಕೆ ಆಟವಿದ್ದರೆ ಗೆಳೆಯರೊಂದಿಗೆ ಹೋಗುತ್ತಾನಂತೆ. ಉಳಿದ ಹುಡುಗರು ಹನ್ನೆರಡಕ್ಕೇ ಚಾಪೆಯ ಮೇಲೆ ಉರುಳಿದರೆ ಇವನು ಬೆಳಗಿನ ಜಾವ ಮಂಗಳ ಹಾಡುವವರೆಗೆ ನೆಟ್ಟಗೆ ಕೂತಿರುತ್ತಾನೆ. ‘ಒಂದು ಕ್ಷಣವೂ ಕಣ್ಣು ಮುಚ್ಚುವುದಿಲ್ಲ’ ಎಂದು ಹೆಮ್ಮೆಯಿಂದ ಹೇಳಿದ. ಅಲ್ಲಿಗೆ ನನ್ನ ಊಹೆಗಳೆಲ್ಲ ತಲೆಕೆಳಗಾದವು. ಕತ್ತಲೆಯ ಭಯವಿಲ್ಲ, ಜನರ ಭಯವಿಲ್ಲ, ಮನೆಯಿಂದ ದೂರ ರಾತ್ರಿ ಕಳೆಯುವ ಭಯವೂ ಇಲ್ಲ. ಅವನು ಹೆದರುತ್ತಿದ್ದುದು ನಿದ್ದೆಗೆ.

ಎರಡನೆಯ ಭೇಟಿಯಲ್ಲಿ ನೇರವಾಗಿ ಕೇಳಲಿಲ್ಲ. ‘ಶಿಬಿರಕ್ಕೆ ಬರುವುದಿಲ್ಲ ಎಂದ ಹುಡುಗರಿಂದ ನಾನು ಮೂರು ಕಾರಣ ಕೇಳಿದ್ದೇನೆ. ಒಬ್ಬ ನಿದ್ದೆಯಲ್ಲಿ ಎದ್ದು ನಡೆಯುತ್ತಿದ್ದ. ಇನ್ನೊಬ್ಬನಿಗೆ ದೊಡ್ಡವರೊಬ್ಬರು ಕಾಟ ಕೊಟ್ಟಿದ್ದರು. ಮತ್ತೊಬ್ಬನಿಗೆ ರಾತ್ರಿ ಹಾಸಿಗೆ ಒದ್ದೆಯಾಗುತ್ತಿತ್ತು. ನಿನ್ನದು ಇದರಲ್ಲಿದೆಯೇ, ಬೇರೆಯೇ?’ ಎಂದೆ. ಹೊರಗೆ ಮಳೆ ಸುರಿಯುತ್ತಿತ್ತು. ಬಹಳ ಹೊತ್ತಾದ ಮೇಲೆ, ‘ಮೂರನೆಯದು’ ಎಂದ. ಎರಡನೆಯದು ಇಲ್ಲವೆಂಬುದನ್ನೂ ಬೇರೆ ಬೇರೆ ರೀತಿಯಲ್ಲಿ ಕೇಳಿ ಖಚಿತಪಡಿಸಿಕೊಂಡೆ. ಶಿಬಿರವೆಂದರೆ ಹಿಂಜರಿಯುವ ಮಗುವಿನ ವಿಷಯದಲ್ಲಿ ಅದನ್ನು ಕೇಳದೆ ಬಿಡಲಾಗದು.

ಹೆತ್ತವರಿಗೆ ಇದು ಗೊತ್ತಿತ್ತು. ‘ಇದೂ ಹೊರಗೆ ಹೇಳುವ ವಿಷಯವೇ?’ ಎಂದರು ತಾಯಿ. ಮಳೆಗಾಲ ಬಂದರೆ ಅವರಿಗೆ ನರಕ. ಹೊದಿಕೆ ನಾಲ್ಕು ದಿನವಾದರೂ ಒಣಗದು. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ, ಹೊಗೆಯಲ್ಲೇ ಆರಿಸಿ, ಯಾರಾದರೂ ನೆಂಟರು ಬಂದರೆಂದರೆ ಎಳೆದು ಒಳಗಿಡಬೇಕು. ಅಜ್ಜಿ, ಬೆಂಕಿಯೊಡನೆ ಆಡಿದವರಿಗೆ ಹೀಗಾಗುತ್ತದೆಂದು ಚಿಕ್ಕಂದಿನಿಂದ ಹೇಳುತ್ತಾ ಬಂದಿದ್ದರು. ತಂದೆ ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ಇದು ಹೆಚ್ಚಾಗಿ ವಂಶದಲ್ಲಿ ಬರುತ್ತದೆ, ಹೆತ್ತವರಲ್ಲಿ ಒಬ್ಬರಿಗೆ ಇದ್ದಿದ್ದರೆ ಮಗುವಿಗೆ ಬರುವ ಸಾಧ್ಯತೆ ಶೇಕಡಾ 40ರಷ್ಟು ಎಂದು ನಾನು ಹೇಳಿದಾಗ ಅವರು ಕಿಟಕಿಯ ಕಡೆ ತಿರುಗಿದರು. ‘ನನಗೆ ಏಳನೆಯ ಕ್ಲಾಸಿನವರೆಗೆ ಇತ್ತು’ ಎಂದರು. ಹದಿನೈದು ವರ್ಷ ಜೊತೆಗೆ ಸಂಸಾರ ಮಾಡಿದ ಹೆಂಡತಿಗೂ ಅದು ಹೊಸ ಸುದ್ದಿ.

ಅವರಿಗೆ ನಾನು ವಿವರಿಸಿದ್ದು ಇಷ್ಟು. ಇದು ಸೋಮಾರಿತನವೂ ಅಲ್ಲ, ಹಟವೂ ಅಲ್ಲ. ರಾತ್ರಿ ಹೊತ್ತು ಮಿದುಳು ವ್ಯಾಸೋಪ್ರೆಸಿನ್ ಎಂಬ ಹಾರ್ಮೋನನ್ನು ಹೆಚ್ಚು ಬಿಟ್ಟು ಮೂತ್ರದ ಉತ್ಪತ್ತಿಯನ್ನು ತಗ್ಗಿಸುತ್ತದೆ. ಕೆಲವು ಮಕ್ಕಳಲ್ಲಿ ಅದು ಸಾಲದು. ಕೆಲವರಲ್ಲಿ ಮೂತ್ರಕೋಶ ತುಂಬಿದ ಸೂಚನೆಗೆ ನಿದ್ದೆ ಒಡೆಯುವುದಿಲ್ಲ. ಐದು ವರ್ಷದವರಲ್ಲಿ ನೂರಕ್ಕೆ ಸುಮಾರು 15 ಮಕ್ಕಳಿಗೆ ಹೀಗಾಗುತ್ತದೆ, ಹದಿನೈದರ ಹೊತ್ತಿಗೂ ನೂರಕ್ಕೆ ಒಬ್ಬಿಬ್ಬರಿಗೆ ಉಳಿದಿರುತ್ತದೆ. ನಾನೂರು ಮಕ್ಕಳಿರುವ ಪ್ರೌಢಶಾಲೆಯಲ್ಲಿ ಸುಮಂತ ಒಬ್ಬನೇ ಇರಲಾರ. ಪ್ರವಾಸದ ಹಿಂದಿನ ದಿನ ಜ್ವರ ಬರುವ ಉಳಿದವರು ಯಾರೆಂದು ಶಾಲೆಗೆ ಗೊತ್ತಿಲ್ಲ, ಅಷ್ಟೇ.

ನಾನು ವೈದ್ಯೆಯಲ್ಲ. ಆದ್ದರಿಂದ ಮೊದಲ ಸಲಹೆ ಮಕ್ಕಳ ವೈದ್ಯರ ಭೇಟಿ. ಮೂತ್ರ ಪರೀಕ್ಷೆ, ಸಕ್ಕರೆ, ಸೋಂಕು, ಮಲಬದ್ಧತೆ ನೋಡಿಸಿ ಎಂದೆ. ತಿಂಗಳುಗಟ್ಟಲೆ ಒಣಗಿದ್ದು ಮತ್ತೆ ಶುರುವಾದ ಪ್ರಕರಣವಾಗಿದ್ದರೆ, ಅಥವಾ ಹಗಲೂ ತೊಂದರೆಯಿದ್ದರೆ ಇನ್ನೂ ಅವಸರಪಡಿಸುತ್ತಿದ್ದೆ. ಸುಮಂತನಿಗೆ ಹುಟ್ಟಿನಿಂದಲೂ ಇತ್ತು. ಮಲಬದ್ಧತೆ ಒಂದನ್ನು ಬಿಟ್ಟರೆ ಪರೀಕ್ಷೆಗಳೆಲ್ಲ ಸರಿಯಾಗಿದ್ದವು. ಹೊಟ್ಟೆ ಕಟ್ಟಿಕೊಂಡರೆ ಅದು ಮೂತ್ರಕೋಶವನ್ನೂ ಒತ್ತುತ್ತದೆ ಎಂಬುದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಇನ್ನೊಂದು ಸಂಗತಿ ಅವನ ದಿನಚರಿಯನ್ನು ಗಂಟೆಗಂಟೆಗೆ ಬರೆಸಿದಾಗ ಸಿಕ್ಕಿತು. ಶಾಲೆಯ ಶೌಚಾಲಯ ಇಷ್ಟವಿಲ್ಲದೆ ಅವನು ಹಗಲೆಲ್ಲ ನೀರೇ ಕುಡಿಯುತ್ತಿರಲಿಲ್ಲ. ಸಂಜೆ ಮನೆಗೆ ಬಂದು ಒಂದು ಚೊಂಬು ನೀರು, ರಾತ್ರಿ ಎಂಟಕ್ಕೆ ಅಜ್ಜಿಯ ಪ್ರೀತಿಯ ಲೋಟ ಕಾಫಿ. ಲೆಕ್ಕವನ್ನು ತಿರುಗಿಸಿದೆವು: ನೀರಿನ ಹೆಚ್ಚಿನ ಪಾಲು ಬೆಳಗಿನಿಂದ ಸಂಜೆಯೊಳಗೆ, ಶಾಲೆಯಲ್ಲಿ ಎರಡು ಬಿಡುವುಗಳಲ್ಲೂ ಶೌಚಾಲಯ, ರಾತ್ರಿ ಕಾಫಿ ಇಲ್ಲ, ಮಲಗುವ ಮುನ್ನ ಮತ್ತೊಮ್ಮೆ ಹೋಗುವುದು. ಅಜ್ಜಿ ಕಾಫಿಯ ವಿಷಯದಲ್ಲಿ ನನ್ನನ್ನು ಇನ್ನೂ ಕ್ಷಮಿಸಿಲ್ಲ.

ಹೆತ್ತವರಿಗೆ ಹೇಳಿದ ಮಾತು ಗಟ್ಟಿಯಾಗಿತ್ತು. ಬೈಗುಳ ನಿಲ್ಲಬೇಕು. ಒಣಗಿದ ರಾತ್ರಿಗೆ ಬಹುಮಾನವೂ ಬೇಡ, ಏಕೆಂದರೆ ಅದು ಅವನ ಕೈಯಲ್ಲಿಲ್ಲ. ನೀರಿನ ಕ್ರಮ ಪಾಲಿಸಿದ್ದಕ್ಕೆ ಮೆಚ್ಚಿ. ಹೊದಿಕೆ ಬದಲಿಸಲು ಅವನೂ ಕೈಹಾಕಲಿ, ಶಿಕ್ಷೆಯಾಗಿ ಅಲ್ಲ, ತನ್ನ ಕೆಲಸವಾಗಿ. ತಂದೆಗೆ ಪ್ರತ್ಯೇಕವಾಗಿ, ‘ನಿಮ್ಮ ಕಥೆಯನ್ನು ಅವನಿಗೆ ನೀವೇ ಹೇಳಿ’ ಎಂದೆ. ಅವರು ಎರಡು ವಾರ ತಳ್ಳಿದರು. ಕೊನೆಗೆ ಬೈಕಿನಲ್ಲಿ ಹೋಗುವಾಗ ಹೇಳಿದರಂತೆ, ಮುಖ ನೋಡಬೇಕಾಗಿಲ್ಲವೆಂದು. ಅದೂ ಒಳ್ಳೆಯ ಉಪಾಯವೇ.

ವೈದ್ಯರು ತೇವ ತಾಗಿದೊಡನೆ ಸದ್ದು ಮಾಡುವ ಅಲಾರಂ ಸೂಚಿಸಿದರು. ಎರಡು ಮೂರು ತಿಂಗಳು ಬಿಡದೆ ಬಳಸಬೇಕಾದ ಉಪಕರಣವದು. ಮೊದಮೊದಲು ಇಡೀ ಮನೆ ಎದ್ದು ಕೂರುತ್ತಿತ್ತು, ಇವನೊಬ್ಬನೇ ಏಳುತ್ತಿರಲಿಲ್ಲ. ಶಿಬಿರದ ರಾತ್ರಿಗಳಿಗೆಂದು, ಮೂತ್ರದ ಉತ್ಪತ್ತಿ ತಗ್ಗಿಸುವ ಡೆಸ್ಮೊಪ್ರೆಸಿನ್ ಮಾತ್ರೆ ಬರೆದುಕೊಟ್ಟರು, ಮೊದಲು ಮನೆಯಲ್ಲೇ ಕೆಲವು ವಾರ ಪ್ರಯತ್ನಿಸಿ ನೋಡಬೇಕೆಂಬ ಷರತ್ತಿನೊಂದಿಗೆ. ಮಾತ್ರೆಯ ಒಂದು ತಾಸು ಮೊದಲಿನಿಂದ, ನುಂಗಿದ ಮೇಲೆ ಎಂಟು ತಾಸಿನವರೆಗೆ ನೀರು ಗುಟುಕಿನಷ್ಟು ಮಾತ್ರ. ಮೀರಿದರೆ ರಕ್ತದ ಸೋಡಿಯಂ ಇಳಿದು ಅಪಾಯವಾಗುತ್ತದೆ. ಪಕ್ಕದ ಮನೆಯವರ ಮಾತು ಕೇಳಿ ಅಂಗಡಿಯಿಂದ ತಂದು ನುಂಗಿಸುವ ಮಾತ್ರೆಯಲ್ಲ ಅದು.

ಶಾಲೆಯಲ್ಲಿ ಯಾರಿಗೆ ಹೇಳಬೇಕೆಂಬುದನ್ನು ಸುಮಂತನೇ ಆರಿಸಿದ. ತರಗತಿ ಶಿಕ್ಷಕರ ಹೆಸರು ಬರಲಿಲ್ಲ, ಸ್ಕೌಟ್ ಮಾಸ್ಟರ್ ಹೆಸರು ಬಂತು. ಸುಮಂತನನ್ನು ಎದುರಿಗೇ ಕೂರಿಸಿಕೊಂಡು ಅವರೊಡನೆ ಮಾತಾಡಿದೆ. ಆ ಮಾಸ್ಟರ್ ಅನುಕಂಪದ ಒಂದು ಮಾತನ್ನೂ ಆಡದೆ ನೇರ ವ್ಯವಸ್ಥೆಗೆ ಇಳಿದರು: ಡೇರೆಯ ಬಾಗಿಲ ಪಕ್ಕದ ಜಾಗ, ರಾತ್ರಿಯ ಕಾವಲಿನ ಮೊದಲ ಪಾಳಿ ಅವನದು, ಪಾಳಿ ಮುಗಿದೊಡನೆ ಶೌಚಾಲಯಕ್ಕೆ ಹೋಗಿ ಮಲಗುವುದು, ನಸುಕಿನಲ್ಲಿ ನೀರು ಕಾಯಿಸುವ ತಂಡಕ್ಕೂ ಅವನ ಹೆಸರು. ನಾಲ್ಕೂವರೆಗೆ ಎಬ್ಬಿಸಿದರೆ ಯಾರಿಗೂ ಅನುಮಾನ ಬಾರದು. ನನ್ನ ಕಡೆಯಿಂದ ಸೇರಿಸಿದ್ದು ಗಾಢ ಬಣ್ಣದ ಸ್ಲೀಪಿಂಗ್ ಬ್ಯಾಗ್, ಒಂದೇ ಬಣ್ಣದ ಮೂರು ಪ್ಯಾಂಟು, ಗಂಟು ಹಾಕುವ ಪ್ಲಾಸ್ಟಿಕ್ ಚೀಲ. ಬೇಕಿದ್ದರೆ ಹೀರುವ ಒಳ ಉಡುಪು ಕೂಡ ಎಂದೆ. ಅದನ್ನು ಅವನು ಖಡಾಖಂಡಿತವಾಗಿ ಬೇಡವೆಂದ, ನಾನು ಒತ್ತಾಯಿಸಲಿಲ್ಲ. ಯಾರಾದರೂ ಕೇಳಿದರೆ ಏನು ಹೇಳುವುದು ಎಂಬುದನ್ನೂ ಅಭ್ಯಾಸ ಮಾಡಿದೆವು. ‘ನೀರಿನ ಬಾಟಲಿ ಚೆಲ್ಲಿತು’ ಎಂಬುದನ್ನು ಅವನು ಯಕ್ಷಗಾನದ ಅರ್ಥದ, ಅಂದರೆ ಮಾತುಗಾರಿಕೆಯ, ಧಾಟಿಯಲ್ಲಿ ಹೇಳಿ ತೋರಿಸಿ ನನ್ನನ್ನು ನಗಿಸಿದ.

ನವೆಂಬರಿನ ಕೊನೆಗೆ ವಾರದಲ್ಲಿ ಎರಡು ರಾತ್ರಿ ಮಾತ್ರ ಒದ್ದೆ, ಮೊದಲು ಆರು ರಾತ್ರಿ ಇತ್ತು. ಡಿಸೆಂಬರಿನಲ್ಲಿ ಶಿಬಿರಕ್ಕೆ ಹೋದ. ಬಂದ ಮೇಲೆ ನನ್ನೆದುರು ಅರ್ಧ ಗಂಟೆ ಮಾತಾಡಿದ: ಕ್ಲೋವ್ ಹಿಚ್ ಗಂಟು ಸಡಿಲಾಗಿ ಪಕ್ಕದ ತಂಡದ ಅಡುಗೆ ಕಟ್ಟೆ ಕುಸಿದದ್ದು, ಸಾರಿಗೆ ಎರಡು ಸಲ ಉಪ್ಪು ಬಿದ್ದದ್ದು, ಶಿಬಿರಾಗ್ನಿಯ ದಿನ ತಾನು ಕುಣಿದದ್ದು. ರಾತ್ರಿಗಳ ಬಗ್ಗೆ ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.

ಮರುದಿನ ತಾಯಿ ಫೋನ್ ಮಾಡಿದರು. ಚೀಲದ ತಳದಲ್ಲಿ ಗಂಟು ಹಾಕಿದ ಪ್ಲಾಸ್ಟಿಕ್ ಚೀಲದೊಳಗೆ ಒಂದು ಪ್ಯಾಂಟ್ ಇತ್ತಂತೆ. ಒಗೆದು ಅಂಗಳದ ತಂತಿಯ ಮೇಲೆ, ಎಲ್ಲರಿಗೂ ಕಾಣುವಂತೆ ಹಾಕಿದೆ ಎಂದರು. ಒಳ್ಳೆಯ ಬಿಸಿಲಿತ್ತು, ಮಧ್ಯಾಹ್ನದೊಳಗೆ ಒಣಗಿತು.