ಇಪ್ಪತ್ತು ಮಳೆಗಾಲ ಕಂಡ ಯೆಜ್ಡಿ, ಜಪ್ಪಯ್ಯ ಅನ್ನದ ಆಕ್ಸಲ್

ಪ್ರಶ್ನೆ: ಅಪ್ಪನ 1978ರ ಯೆಜ್ಡಿ ನಮ್ಮ ಕೊಟ್ಟಿಗೆಯಲ್ಲಿ ಸುಮಾರು ಇಪ್ಪತ್ತು ವರ್ಷ ನಿಂತಿತ್ತು. ಟೈರು ಬದಲಿಸೋಣವೆಂದು ಹಿಂದಿನ ಚಕ್ರ ಬಿಚ್ಚಲು ಹೋದೆ. ನಟ್ಟು ಬಂತು, ಆಕ್ಸಲ್ (ಚಕ್ರದ ನಡುವೆ ತೂರುವ ಅಚ್ಚು) ಬರಲಿಲ್ಲ. ಎರಡು ದಿನ ಸುತ್ತಿಗೆಯಲ್ಲಿ ಬಡಿದೆ. ತುದಿ ಅಣಬೆಯ ಹಾಗೆ ಅರಳಿತೇ ಹೊರತು ಆಕ್ಸಲ್ ಕೂದಲೆಳೆಯಷ್ಟೂ ಸರಿಯಲಿಲ್ಲ. ಗ್ಯಾಸ್ ಹಚ್ಚಿ ಕತ್ತರಿಸೋಣ ಎನ್ನುತ್ತಾರೆ ಮೆಕ್ಯಾನಿಕ್. ಹಳೆಯ ಆಕ್ಸಲ್ಲನ್ನೇ ಉಳಿಸಿಕೊಳ್ಳುವ ದಾರಿ ಇದೆಯೇ? ಬೇರಿಂಗ್ ಹಳೆಯದನ್ನೇ ಹಾಕಬಹುದೇ?
— ಸಾಗರದಿಂದ ಒಬ್ಬ ಓದುಗರು

ಉತ್ತರ: ಮೊದಲು ಸುತ್ತಿಗೆ ಕೆಳಗಿಡಿ. ಗ್ಯಾಸಿನವರಿಗೂ ಸದ್ಯಕ್ಕೆ ಬೇಡ ಅನ್ನಿ.

ನೀವು ಉಳಿಸಬೇಕಾದದ್ದು ಆಕ್ಸಲ್ ಅಲ್ಲ. ಅದೊಂದು ಉಕ್ಕಿನ ಸಲಾಕೆ. ಹಳೆ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ, ಸಿಗದಿದ್ದರೆ ಒಳ್ಳೆಯ ಲೇತ್‌ನವರು ತಕ್ಕ ಉಕ್ಕಿನಲ್ಲಿ ಮಾಡಿಕೊಡುತ್ತಾರೆ. ಅದರ ಸುತ್ತ ಇರುವ ಅಲ್ಯೂಮಿನಿಯಂ ಹಬ್ಬು (ಚಕ್ರದ ನಡುಭಾಗ), ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ಕವಲು), ಚೈನ್ ಕವರಿನೊಳಗಿನ ಪೊಳ್ಳು ಶಾಫ್ಟು ಹಾಗಲ್ಲ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಹಬ್ಬು ಬಿರುಕು ಬಿಟ್ಟರೆ ಹಾಗೇ ಇರುವ ಇನ್ನೊಂದಕ್ಕೆ ಗುಜರಿ ಗುಜರಿ ಅಲೆಯಬೇಕು. ಆದ್ದರಿಂದ ಪ್ರತಿ ಹೆಜ್ಜೆಯಲ್ಲೂ ಪೆಟ್ಟು ಯಾವುದಕ್ಕೆ ಬೀಳುತ್ತಿದೆ ಎಂದು ನೋಡಿಕೊಳ್ಳಿ.

ಈ ಗಾಡಿಯ ಹಿಂಬದಿ ಜಾವಾ ಕಾಲದಿಂದ ಬಂದ ಜಾಣ ಕಟ್ಟು. ಆಕ್ಸಲ್ ಎಳೆದರೆ ಚಕ್ರ ಮಾತ್ರ ಹೊರಗೆ ಬರುತ್ತದೆ. ಚೈನು, ಹಲ್ಲುಚಕ್ರ, ಕವರು ಎಲ್ಲ ಸ್ವಿಂಗ್ ಆರ್ಮಿನಲ್ಲೇ ಉಳಿಯುತ್ತವೆ. ಪಂಕ್ಚರ್ ಆದಾಗ ಕೈಗೆ ಎಣ್ಣೆಮಸಿ ಅಂಟುವುದಿಲ್ಲ. ಇದಕ್ಕಾಗಿ ಚೈನಿನ ಕಡೆ ಆಕ್ಸಲ್ ಒಂದು ಪೊಳ್ಳು ಶಾಫ್ಟಿನೊಳಗೆ ತೂರಿ ಹೋಗುತ್ತದೆ. ಉಕ್ಕಿನೊಳಗೆ ಉಕ್ಕು, ನಡುವೆ ಕಾಗದದಷ್ಟು ಸಂದು. ಮಲೆನಾಡಿನ ತೇವ ಅಲ್ಲಿ ಸೇರಿಕೊಂಡರೆ ಮುಗಿಯಿತು: ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಸಂದು ಬಿಗಿದುಕೊಳ್ಳುತ್ತದೆ. ಹಬ್ಬಿನೊಳಗೆ ಬೇರಿಂಗ್‌ಗಳ ಒಳಬಳೆ, ಅವುಗಳ ನಡುವಿನ ಕೊಳವೆ ಕೂಡ ಹೀಗೇ ಕಚ್ಚಿಕೊಳ್ಳುತ್ತವೆ.

ಈಗ ಅರಳಿದ ತುದಿಯ ವಿಚಾರ. ಅದು ತೂರಬೇಕಾದ ತೂತಿಗಿಂತ ಈಗ ಅದೇ ದಪ್ಪ! ತುಕ್ಕು ಬಿಟ್ಟುಕೊಟ್ಟರೂ ಆಕ್ಸಲ್ ಬರುವುದಿಲ್ಲ. ಅರ ಹಿಡಿದು, ಮರೆ (ನಟ್ಟು ಕೂರುವ ತಿರುಪಿನ ಭಾಗ) ಮೊದಲಿದ್ದ ಅಳತೆಗೆ ಬರುವವರೆಗೆ ಉಜ್ಜಿ. ಇನ್ನೂ ಸ್ವಲ್ಪ ಹೆಚ್ಚು ಉಜ್ಜಿದರೂ ನಷ್ಟವಿಲ್ಲ.

ಆಮೇಲೆ ಎಣ್ಣೆ. ಪೆನೆಟ್ರೇಟಿಂಗ್ ಆಯಿಲ್ ಆಗಲಿ, ಸೀಮೆಎಣ್ಣೆ ಬೆರೆಸಿದ ತೆಳು ಆಯಿಲ್ ಆಗಲಿ, ಕೆಲಸ ಮಾಡುವುದು ಸಮಯ. ಗಾಡಿಯನ್ನು ಒಂದು ಮಗ್ಗುಲಿಗೆ ವಾಲಿಸಿ ಆಸರೆ ಕೊಡಿ, ಮೇಲಾದ ತುದಿಗೆ ಬೆಳಿಗ್ಗೆ ಸಂಜೆ ನಾಲ್ಕು ಹನಿ ಬಿಡಿ. ಎರಡು ದಿನದ ಮೇಲೆ ಇನ್ನೊಂದು ಮಗ್ಗುಲಿಗೆ. ಒಂದು ವಾರ ಹೀಗೆ ನಡೆಯಲಿ. ಬ್ರೇಕ್ ಡ್ರಮ್ಮಿಗೆ ಎಣ್ಣೆ ಇಳಿಯಬಹುದು, ಲೈನರ್ (ಬ್ರೇಕ್ ಶೂ ಮೇಲಿನ ಉಜ್ಜುವ ಪಟ್ಟಿ) ಹೇಗೂ ಹೊಸದು ಹಾಕಿಸುತ್ತೀರಿ ಎಂದುಕೊಳ್ಳುತ್ತೇನೆ. ಹಳೆಯ ಲೈನರಿನ ಪುಡಿಯನ್ನು ಮಾತ್ರ ಬಾಯಿಂದ ಊದಬೇಡಿ. ಆ ಕಾಲದ ಲೈನರ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು.

ವಾರದ ನಂತರ ಹೊಡೆಯುವ ಮೊದಲು ತಿರುಗಿಸಿ. ಎಲ್ಲರೂ ತಪ್ಪುವುದು ಇಲ್ಲೇ. ಆಕ್ಸಲ್ಲಿನ ತಲೆಗೆ ಉದ್ದ ಹಿಡಿಯ ಪೈಪ್ ರಿಂಚ್ ಹಾಕಿ ಹಿಂದೆ ಮುಂದೆ ಜಗ್ಗಿ. ಇನ್ನೊಬ್ಬರು ಮರೆಯ ತುದಿಯನ್ನು ನೋಡುತ್ತಿರಲಿ. ಎರಡೂ ತುದಿ ಕೂದಲಷ್ಟು ತಿರುಗಿದರೂ ಗೆದ್ದ ಹಾಗೆ, ತುಕ್ಕಿನ ಪದರ ಒಡೆಯುತ್ತದೆ. ಮತ್ತೆ ಎಣ್ಣೆ, ಮತ್ತೆ ತಿರುವು.

ಇಷ್ಟಾದ ಮೇಲೆ ಹೊಡೆಯಬಹುದು. ಕಬ್ಬಿಣಕ್ಕೆ ನೇರ ಕಬ್ಬಿಣ ಬೇಡ. ಆಕ್ಸಲ್ಲಿಗಿಂತ ಸ್ವಲ್ಪ ಸಣ್ಣ ಹಿತ್ತಾಳೆ ಸರಳನ್ನು ನಡುವೆ ಇಟ್ಟು, ತೂಕದ ಸುತ್ತಿಗೆಯಿಂದ ಕೆಲವೇ ಪೆಟ್ಟು ಕೊಡಿ. ಹಗುರ ಸುತ್ತಿಗೆಯ ನೂರು ಏಟು ತುದಿಯನ್ನು ಅರಳಿಸುತ್ತದೆ ಅಷ್ಟೆ, ಅದನ್ನು ನೀವೇ ಕಂಡಿದ್ದೀರಿ. ಆಕ್ಸಲ್ ಹೊರಬರುವ ಕಡೆಯ ಸ್ವಿಂಗ್ ಆರ್ಮಿಗೆ ಮರದ ತುಂಡಿನ ಬಲವಾದ ಆಸರೆ ಇರಲಿ. ಇಲ್ಲದಿದ್ದರೆ ಪೆಟ್ಟೆಲ್ಲ ಆರ್ಮನ್ನು ಸೊಟ್ಟ ಮಾಡುವುದರಲ್ಲಿ ಖರ್ಚಾಗುತ್ತದೆ.

ಬಿಸಿ ಕೊಡಲೇಬೇಕಾದರೆ ಹಾಟ್ ಏರ್ ಗನ್ ಸಾಕು. ಅದಕ್ಕೂ ಮುಂಚೆ ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರ ಇಡಿ, ಸುರಿದ ಎಣ್ಣೆ ಒರೆಸಿ. ನೀರಿನ ಹನಿ ಚುರ್ ಅನ್ನುವಷ್ಟು ಬಿಸಿಯಾದರೆ ನಿಲ್ಲಿಸಿ. ತಣಿಯುವಾಗ ಹಾಕಿದ ಎಣ್ಣೆಯನ್ನು ಸಂದು ಒಳಗೆಳೆದುಕೊಳ್ಳುತ್ತದೆ. ಗ್ಯಾಸ್ ಜ್ವಾಲೆ ಹಬ್ಬಿನ ಹತ್ತಿರ ಬೇಡವೇ ಬೇಡ. ಅಲ್ಯೂಮಿನಿಯಂ ಕೆಂಪಾಗಿ ಎಚ್ಚರಿಕೆ ಕೊಡುವ ಲೋಹವಲ್ಲ, ಕಂಡಾಗಲೇ ಕುಸಿದಿರುತ್ತದೆ. ಚೈನಿನ ಕಡೆ ರಬ್ಬರುಗಳೂ ಇವೆ.

ಇದ್ಯಾವುದಕ್ಕೂ ಬಗ್ಗದಿದ್ದರೆ ಆಕ್ಸಲ್ ಬಲಿ ಕೊಡಿ, ಬೇಸರ ಬೇಡ. ಹಬ್ಬಿಗೂ ಸ್ವಿಂಗ್ ಆರ್ಮಿಗೂ ನಡುವೆ ಇರುವ ಬುಷ್ (ಆಕ್ಸಲ್ ಸುತ್ತಲಿನ ಗಿಡ್ಡ ಕೊಳವೆ) ಮೇಲೆ ಹ್ಯಾಕ್ಸಾ ಬ್ಲೇಡ್ ಆಡಿಸಿ, ಬುಷ್ ಆಕ್ಸಲ್ ಎರಡನ್ನೂ ಕೊಯ್ದುಬಿಡಿ. ಮಧ್ಯಾಹ್ನವೊಂದು ಹೋಗುತ್ತದೆ. ಪೊಳ್ಳು ಶಾಫ್ಟಿನಲ್ಲಿ ಉಳಿದ ತುಂಡನ್ನು ಶಾಫ್ಟ್ ಸಮೇತ ಬಿಚ್ಚಿ ಲೇತ್ ಅಂಗಡಿಗೆ ಒಯ್ದರೆ ಪ್ರೆಸ್ಸಿನಲ್ಲಿ ತಳ್ಳಿಕೊಡುತ್ತಾರೆ.

ಬೇರಿಂಗ್ ಹಳೆಯದು ಖಂಡಿತ ಬೇಡ. ನೀವು ಎರಡು ದಿನ ಹೊಡೆದ ಪೆಟ್ಟು ಗುಂಡುಗಳ ಮೂಲಕವೇ ಹಾದುಹೋಗಿದೆ, ಬಳೆಯಲ್ಲಿ ಕಾಣದ ಗುಳಿ ಬಿದ್ದಿರುತ್ತದೆ. ಬಳೆಯ ಮೇಲೆ ಕೆತ್ತಿರುವ ನಂಬರ್ ತೋರಿಸಿದರೆ ಯಾವ ಬೇರಿಂಗ್ ಅಂಗಡಿಯಲ್ಲೂ ಕೊಡುತ್ತಾರೆ. ಆಕ್ಸಲ್ ಇಡಿಯಾಗಿ ಬಂದರೆ ಗಾಜಿನ ಮೇಲೆ ಉರುಳಿಸಿ ನೋಡಿ. ಅಡಿಯಲ್ಲಿ ಬೆಳಕು ಕುಣಿದರೆ ಬಾಗಿದೆ ಎಂದರ್ಥ, ಅದನ್ನು ಹಾಕಬೇಡಿ. ನೆಟ್ಟಗಿದ್ದರೆ ಎಮೆರಿ ಕಾಗದದಲ್ಲಿ ಉಜ್ಜಿ, ಉದ್ದಕ್ಕೂ ತೆಳುವಾಗಿ ಗ್ರೀಸ್ ಸವರಿ ಹಾಕಿ. ಹಾಂ, ಬ್ರೇಕ್ ಪ್ಲೇಟನ್ನು ಹಿಡಿಯುವ ಪಟ್ಟಿಯ ನಟ್ಟು ಬಿಗಿಯಲು ಮರೆಯಬೇಡಿ. ಅದು ಸಡಿಲವಿದ್ದರೆ ಮೊದಲ ಸಲ ಬ್ರೇಕ್ ತುಳಿದಾಗಲೇ ಪ್ಲೇಟು ತಿರುಗಿ ಚಕ್ರ ಕಚ್ಚಿಕೊಳ್ಳುತ್ತದೆ.