ಹುಲಿ, ತೋಳ ಬೆಟ್ಟ ಹತ್ತುತ್ತಿರುವುದು ಯಾಕೆ?

ಪ್ರಶ್ನೆ: ಹಿಮಾಲಯದಲ್ಲಿ ಮೂರು ಸಾವಿರ ಮೀಟರ್ ಎತ್ತರದಲ್ಲೂ ಹುಲಿ ಕಾಣಿಸಿದೆಯಂತೆ. ಯುರೋಪಿನ ಆಲ್ಪ್ಸ್ ಬೆಟ್ಟಗಳಲ್ಲಿ ತೋಳ ಜಾಸ್ತಿ ಆಗಿವೆಯಂತೆ. ಭೂಮಿ ಬಿಸಿಯಾಗಿದ್ದಕ್ಕೇ ಇವೆಲ್ಲ ಮೇಲೆ ಹತ್ತುತ್ತಿವೆಯಾ?

ಎಲ್ಲದಕ್ಕೂ ಅದೇ ಕಾರಣ ಅಲ್ಲ. ಆಲ್ಪ್ಸ್ ವಿಷಯದಲ್ಲಂತೂ ದೊಡ್ಡ ಕಾರಣ ಮನುಷ್ಯರೇ. 1970ರ ಹೊತ್ತಿಗೆ ಇಟಲಿಯಲ್ಲಿ ಉಳಿದಿದ್ದ ತೋಳಗಳು ಸುಮಾರು ನೂರು, ಅದೂ ಅಪೆನೈನ್ ಬೆಟ್ಟಗಳಲ್ಲಿ ಮಾತ್ರ. 1971ರಲ್ಲಿ ಅವುಗಳ ಬೇಟೆ ನಿಲ್ಲಿಸಿದರು. ಅದೇ ಕಾಲದಲ್ಲಿ ಬೆಟ್ಟದ ಹಳ್ಳಿಗಳ ಜನ ಕೆಲಸ ಹುಡುಕಿಕೊಂಡು ಪಟ್ಟಣಗಳಿಗೆ ಇಳಿಯುತ್ತಿದ್ದರು, ಉಳುಮೆ ನಿಂತ ಹೊಲಗಳಲ್ಲಿ ಕಾಡು ಬೆಳೆಯಿತು, ಜಿಂಕೆ ಕಾಡುಹಂದಿ ಎಲ್ಲ ಮತ್ತೆ ತುಂಬಿಕೊಂಡವು. ತೋಳಕ್ಕೆ ಇನ್ನೇನು ಬೇಕು? ಬೆಟ್ಟದ ಸಾಲು ಹಿಡಿದು ಉತ್ತರಕ್ಕೆ ಹರಡುತ್ತಾ 1992ರಲ್ಲಿ ಫ್ರಾನ್ಸಿನ ಕಡೆಯ ಆಲ್ಪ್ಸ್ ಬೆಟ್ಟಗಳ ಮರ್ಕಾಂಟೂರ್ ರಾಷ್ಟ್ರೀಯ ಉದ್ಯಾನದಲ್ಲಿ ಕಾಣಿಸಿಕೊಂಡವು. ಯಾರೋ ಗುಟ್ಟಾಗಿ ತಂದು ಬಿಟ್ಟಿದ್ದಾರೆ ಅನ್ನುವ ಮಾತು ಅಲ್ಲಿ ಈಗಲೂ ಇದೆ. ಆದರೆ ಡಿಎನ್‌ಎ ನೋಡಿದರೆ ಅವು ಇಟಲಿಯ ತೋಳಗಳೇ. 2012ರಲ್ಲಿ ಸ್ವಿಟ್ಜರ್ಲೆಂಡಿನ ಕಲಾಂಡ ಬೆಟ್ಟದಲ್ಲಿ ಮರಿಗಳೂ ಆದವು.

ಹುಲಿಯ ವಿಷಯ ಸ್ವಲ್ಪ ಬೇರೆ. 2020ರಲ್ಲಿ ಪೂರ್ವ ನೇಪಾಳದ ಇಲಾಮ್ ಜಿಲ್ಲೆಯಲ್ಲಿ 3,165 ಮೀಟರ್ ಎತ್ತರದಲ್ಲಿ ಹುಲಿಯ ಫೋಟೊ ಸಿಕ್ಕಿತು. ಅರುಣಾಚಲದ ದಿಬಾಂಗ್ ಕಣಿವೆಯಲ್ಲಿ 3,630 ಮೀಟರಿನಲ್ಲೂ ಸಿಕ್ಕಿದೆ. ಬಿಸಿಯೂ ಒಂದು ಕಾರಣ ಇದ್ದೀತು, ಕೆಳಗಿನ ಕಾಡಿನಲ್ಲಿ ಜಾಗ ಸಾಲದಿರುವುದೂ ಇದ್ದೀತು. ಆದರೆ ಅಲ್ಲಿಗೆ ಹೊಸದಾಗಿ ಬಂದಿದ್ದು ಹುಲಿಯೋ ನಮ್ಮ ಕ್ಯಾಮೆರಾನೋ ಅಂತಲೂ ಕೇಳಿಕೊಳ್ಳಬೇಕು. ದಿಬಾಂಗ್‌ನ ಇಡು ಮಿಶ್ಮಿ ಜನ ಹುಲಿಯನ್ನು ಅಣ್ಣ ಅಂತಲೇ ನಂಬಿಕೊಂಡು ಬಂದವರು. ಅವರಿಗೆ ಇದು ಸುದ್ದಿಯೇ ಅಲ್ಲ.

ಪ್ರಶ್ನೆ: ಒಂದು ಕಡೆ ಒಂದು ಪ್ರಾಣಿ ಕಾಣಿಸಿದರೆ ಅಲ್ಲೇ ನೆಲೆಯಾಯಿತು ಅಂತ ತಿಳಿಯಬಹುದಾ?

ಇಲ್ಲ. ಹೆಣ್ಣು ಬರುವವರೆಗೆ ಅದು ಬರೀ ಅಲೆದಾಟ. ಅಮೆರಿಕದ ಬ್ಲ್ಯಾಕ್ ಹಿಲ್ಸ್‌ನಿಂದ ಹೊರಟ ಒಂದು ಗಂಡು ಪ್ಯೂಮಾ (ಅಲ್ಲಿನ ದೊಡ್ಡ ಕಾಡುಬೆಕ್ಕು) ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಬಂದು, 2011ರಲ್ಲಿ ಪೂರ್ವ ಕರಾವಳಿಯ ಕನೆಕ್ಟಿಕಟ್‌ನ ರಸ್ತೆಯಲ್ಲಿ ಕಾರಿಗೆ ಸಿಕ್ಕಿ ಸತ್ತಿತು. ಪ್ಯೂಮಾ ಹೆಣ್ಣುಗಳು ಸಾಮಾನ್ಯವಾಗಿ ತಾಯಿ ಇದ್ದ ಜಾಗದ ಆಸುಪಾಸಿನಲ್ಲೇ ಉಳಿಯುತ್ತವೆ, ಹಾಗಾಗಿ ಅವು ಹರಡುವುದು ನಿಧಾನ. ತೋಳಗಳಲ್ಲಿ ಗಂಡು ಹೆಣ್ಣು ಎರಡೂ ಊರು ಬಿಡುತ್ತವೆ. ಸ್ಲಾವ್ತ್ಸ್ ಅಂತ ಹೆಸರಿಟ್ಟ ತೋಳವೊಂದು ಕುತ್ತಿಗೆಗೆ ಜಿಪಿಎಸ್ ಪಟ್ಟಿ ಕಟ್ಟಿಸಿಕೊಂಡೇ ಸ್ಲೊವೇನಿಯಾದಿಂದ ಆಸ್ಟ್ರಿಯಾ ದಾಟಿ ಇಟಲಿಯ ಲೆಸ್ಸಿನಿಯಾಕ್ಕೆ ಬಂದು, 2012ರಲ್ಲಿ ಅಲ್ಲಿ ಒಂದು ಹೆಣ್ಣನ್ನು ಸೇರಿತು. ಮುಂದಿನ ವರ್ಷ ಮರಿಗಳಾದವು. ನೆಲೆಯಾಗುವುದು ಅಂದರೆ ಅದು.

ಪ್ರಶ್ನೆ: ಪಟ್ಟಣದಲ್ಲಿ ಕೂತವರಿಗೆ ತೋಳದ ಮೇಲೆ ಪ್ರೀತಿ ಸುಲಭ. ಕುರಿ ಕಳೆದುಕೊಳ್ಳುವವರು ಏನು ಮಾಡಬೇಕು? ಗುಂಡು ಹೊಡೆಯುವುದೇ ಸರಿ ಅಲ್ವಾ?

ನಿಮ್ಮ ಸಿಟ್ಟು ನ್ಯಾಯವಾದದ್ದು. ಕಾಡುಪ್ರಾಣಿ ಉಳಿಯಬೇಕು ಅನ್ನುವವರು ಬಹಳ, ಅದರ ಖರ್ಚು ಬೀಳುವುದು ಮಾತ್ರ ಬೆಟ್ಟದ ಕೆಲವೇ ಮನೆಗಳ ಮೇಲೆ. ಇದು ಸರಿಯಿಲ್ಲ, ಮತ್ತೆ ಇದನ್ನು ಸರಿಮಾಡದೆ ತೋಳವನ್ನು ಉಳಿಸುವುದೂ ಆಗದ ಮಾತು.

ಆದರೆ ಒಂದು ವಿಷಯ ನೋಡಿ. ಇಟಲಿಯ ಅಪೆನೈನ್ ಬೆಟ್ಟಗಳ ಅಬ್ರುಟ್ಸೊ ಕಡೆ ತೋಳ ಯಾವತ್ತೂ ಪೂರ್ತಿ ಹೋಗಿರಲಿಲ್ಲ. ಅಲ್ಲಿನ ಕುರಿಗಾಹಿಗಳು ಮರೆಮ್ಮಾ ಅನ್ನುವ ಬಿಳಿ ಕಾವಲು ನಾಯಿಗಳನ್ನು ಸಾಕುವುದು ಬಿಡಲಿಲ್ಲ, ರಾತ್ರಿ ಕುರಿಗಳನ್ನು ದೊಡ್ಡಿಗೆ ಕೂಡುವುದನ್ನೂ ಬಿಡಲಿಲ್ಲ. ಆಲ್ಪ್ಸ್‌ನಲ್ಲಿ ತಲೆಮಾರುಗಟ್ಟಲೆ ತೋಳವೇ ಇರಲಿಲ್ಲ. ಬೇಸಿಗೆಯಲ್ಲಿ ಎಷ್ಟೋ ಕಡೆ ಕುರಿಗಳನ್ನು ಸುಮ್ನೆ ಮೇಲೆ ಬಿಟ್ಟು ಬರುತ್ತಿದ್ದರು. ಕಾವಲಿನ ಅಭ್ಯಾಸ ತಪ್ಪಿದ ಕಡೆಗೇ ತೋಳ ಬಂತು, ಪೆಟ್ಟು ಜೋರಾಗಿ ಬಿತ್ತು. ಹಾಗಂತ ತಪ್ಪು ಅವರದಲ್ಲ, ಇಲ್ಲದ ಪ್ರಾಣಿಗೆ ಹೆದರಿ ಕಾವಲು ಯಾರು ಕಾಯುತ್ತಾರೆ?

ಗುಂಡಿನ ವಿಷಯ. ಯುರೋಪಿನ ಕಾಡುಜೀವಿಗಳ ರಕ್ಷಣೆಗೆ ದೇಶಗಳು ಮಾಡಿಕೊಂಡ ಬರ್ನ್ ಒಪ್ಪಂದದಡಿ ತೋಳಕ್ಕಿದ್ದ ಕಟ್ಟುನಿಟ್ಟಿನ ರಕ್ಷಣೆಯನ್ನು 2025ರ ಮಾರ್ಚ್‌ನಿಂದ ಸಡಿಲಿಸಿದ್ದಾರೆ. ಪದೇ ಪದೇ ದೊಡ್ಡಿಗೇ ನುಗ್ಗುವ ತೋಳವನ್ನು ಕೊಲ್ಲುವುದಕ್ಕೆ ನನ್ನ ತಕರಾರಿಲ್ಲ. ಆದರೆ ಕಾವಲಿಲ್ಲದ ಹಿಂಡು ಹಾಗೇ ಇದ್ದರೆ ಸತ್ತ ತೋಳದ ಜಾಗಕ್ಕೆ ಇನ್ನೊಂದು ಬರುತ್ತದೆ. ಲಡಾಖ್‌ನಲ್ಲಿ ಹಿಮಚಿರತೆ ದೊಡ್ಡಿಗೆ ಇಳಿದು ಒಂದೇ ರಾತ್ರಿ ಎಷ್ಟೋ ಕುರಿ ಕೊಲ್ಲುವುದಿತ್ತು. ದೊಡ್ಡಿಯ ಮೇಲೆ ತಂತಿ ಜಾಲರಿ ಹೊದಿಸಿ, ಗಟ್ಟಿ ಬಾಗಿಲು ಹಾಕಿದ ಕಡೆ ಅದು ನಿಂತಿತು. ಆಲ್ಪ್ಸ್‌ನಲ್ಲಿ ಕರೆಂಟ್ ಬೇಲಿ, ನಾಯಿ, ಜೊತೆಗೊಬ್ಬ ಕುರಿಗಾಹಿ, ಈ ಮೂರೂ ಸೇರಿದ ಕಡೆ ನಷ್ಟ ಇಳಿದಿದೆ. ಒಂದೇ ಇದ್ದರೆ ಸಾಲದು. ಸರ್ಕಾರಗಳು ಸತ್ತ ಕುರಿಗೆ ಪರಿಹಾರ ಕೊಡುತ್ತವೆ, ಒಳ್ಳೆಯದೇ, ಆದರೆ ರಾತ್ರಿಯೆಲ್ಲಾ ಎಚ್ಚರ ಇರುವವರಿಗೂ ಸಂಬಳ ಕೊಡಬೇಕು ಅನ್ನುವುದು ನನ್ನ ಮಾತು.

ಇನ್ನೊಂದು, ನಾಯಿ ಬೇಕೆಂದರೆ ತೋಳ ಕುರಿ ಹಿಡಿಯುವವರೆಗೆ ಕಾಯಬೇಡಿ. ಹೆಜ್ಜೆಗುರುತು ಕಂಡ ವರ್ಷವೇ ಮರಿ ತಂದು ಕುರಿಗಳ ಜೊತೆಯಲ್ಲೇ ಬೆಳೆಸಿ. ಅದು ಕಾವಲಿಗೆ ಸರಿಯಾಗಿ ನಿಲ್ಲುವಷ್ಟು ಬಲಿಯಲು ಒಂದೂವರೆಯಿಂದ ಎರಡು ವರ್ಷ ಹಿಡಿಯುತ್ತದೆ.